ರೇಸಿಗೆ ಕಟ್ಟಿದ ಟೂ ಸ್ಟ್ರೋಕ್ ಗಾಡಿ ನಡುಗುವುದೇಕೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಕಾರವಾರ, ಶಿರಸಿ, ಕುಮಟಾ ಮತ್ತು ಅಂಕೋಲಾ ಕಡೆಯಿಂದ ಬಂದ ನಾಲ್ಕು ಪತ್ರಗಳು ಒಂದೇ ದೂರಿನ ನಾಲ್ಕು ಮುಖಗಳಂತಿವೆ. ಆದ್ದರಿಂದ ಅವುಗಳನ್ನು ಒಟ್ಟಿಗೇ ತೆಗೆದುಕೊಂಡಿದ್ದೇನೆ. ಮೊದಲನೆಯ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಉಳಿದ ಮೂವರೂ ಅದರ ಉತ್ತರವನ್ನು ಓದಿಕೊಂಡೇ ತಮ್ಮದಕ್ಕೆ ಬರುವುದು ಒಳ್ಳೆಯದು.

ಪ್ರಶ್ನೆ: ಮಾನ್ಯರೇ, ನನ್ನ ಬಳಿ 1994ರ ಯಮಹಾ ಆರ್‌ಎಕ್ಸ್ 100 ಇದೆ. ಅದನ್ನು ರಸ್ತೆಗೆ ಇಳಿಸದೆ, ಮಣ್ಣಿನ ಟ್ರ್ಯಾಕಿನ ಸ್ಪರ್ಧೆಗೆಂದೇ ಸಿದ್ಧಪಡಿಸುತ್ತಿದ್ದೇನೆ. ಪಿಸ್ಟನ್ನಿನ ಓಟವನ್ನು ತಿರುಗಾಟವಾಗಿಸುವ ಕ್ರ್ಯಾಂಕ್ ಕೂರುವ ಕ್ರ್ಯಾಂಕ್‌ಕೇಸಿನ ಬಾಯಿಯನ್ನು ಹಿಗ್ಗಿಸಿ, ಆರ್‌ಎಕ್ಸ್ 135ರ ಬ್ಲಾಕ್ (ಸಿಲಿಂಡರ್) ಮತ್ತು ಪಿಸ್ಟನ್ ಕೂರಿಸಿದ್ದೇನೆ. ಗಾಡಿಯ ಪಿಕಪ್ ಚೆನ್ನಾಗಿದೆ. ಆದರೆ 7,000 ಆರ್‌ಪಿಎಂ (ನಿಮಿಷಕ್ಕೆ 7,000 ಸುತ್ತು) ದಾಟಿತೆಂದರೆ ಫುಟ್‌ರೆಸ್ಟ್ ಮೇಲೆ ಕಾಲು ನಿಲ್ಲುವುದಿಲ್ಲ. ಎರಡು ತಿಂಗಳಲ್ಲಿ ಎಂಜಿನ್ನನ್ನು ಫ್ರೇಮಿಗೆ ಹಿಡಿಯುವ ಎರಡು ಫೌಂಡೇಶನ್ ಬೋಲ್ಟ್ ತುಂಡಾದವು, ಸೈಲೆನ್ಸರಿನ ಪಟ್ಟಿ ಬಿರುಕುಬಿಟ್ಟಿತು. ಲೇತ್ ಕೆಲಸದವರು ಕ್ರ್ಯಾಂಕಿಗೆ ರಂಧ್ರ ಕೊರೆದು ಬ್ಯಾಲೆನ್ಸ್ ಮಾಡಿಕೊಡುತ್ತೇನೆ ಎನ್ನುತ್ತಾರೆ. ಕೊರೆಸಲೇ? — ಓದುಗರೊಬ್ಬರು, ಕೋಡಿಬಾಗ, ಕಾರವಾರ

ಉತ್ತರ: ಈಗಲೇ ಕೊರೆಸಬೇಡಿ. ಕೊರೆದ ರಂಧ್ರವನ್ನು ಮತ್ತೆ ಮುಚ್ಚಲು ಬರುವುದಿಲ್ಲ. ಅದಕ್ಕೂ ಮೊದಲು ನೋಡಬೇಕಾದ ಎರಡು ಸಂಗತಿಗಳು ನಿಮ್ಮ ಪತ್ರದಲ್ಲೇ ಇವೆ.

ಮೊದಲನೆಯದು ತುಂಡಾದ ಬೋಲ್ಟುಗಳು. ನಡುಕದಿಂದ ಬೋಲ್ಟ್ ತುಂಡಾಯಿತು ಎಂದು ನೀವು ಬರೆದಿದ್ದೀರಿ, ಆದರೆ ಸಡಿಲ ಬೋಲ್ಟಿನಿಂದ ನಡುಕ ಹೆಚ್ಚಾಗಿರುವ ಸಾಧ್ಯತೆಯೂ ಅಷ್ಟೇ ಇದೆ. ಸಮುದ್ರದ ಗಾಳಿಗೆ ನಿಂತ ಗಾಡಿಯಲ್ಲಿ ಬೋಲ್ಟಿನ ನಡುಭಾಗ ತುಕ್ಕು ಹಿಡಿದು ಸಣ್ಣದಾಗುತ್ತದೆ, ಫ್ರೇಮಿನ ಪಟ್ಟಿಯ ರಂಧ್ರ ಮೊಟ್ಟೆಯಾಕಾರಕ್ಕೆ ಸವೆಯುತ್ತದೆ, ಮತ್ತು ಹೊರಗಿನಿಂದ ನೋಡಿದರೆ ನಟ್ ಬಿಗಿಯಾಗಿಯೇ ಕಾಣುತ್ತದೆ. ಎಲ್ಲ ಫೌಂಡೇಶನ್ ಬೋಲ್ಟುಗಳನ್ನು ಹೊರತೆಗೆದು, ಹೊಸ ಬೋಲ್ಟನ್ನು ರಂಧ್ರದಲ್ಲಿಟ್ಟು ಬೆರಳಿನಿಂದ ಅಲ್ಲಾಡಿಸಿ ನೋಡಿ. ಅಲ್ಲಾಡಿದರೆ ಆ ರಂಧ್ರಕ್ಕೆ ಬೆಸುಗೆ ತುಂಬಿಸಿ ಹೊಸದಾಗಿ ಕೊರೆಸುವುದು, ಇಲ್ಲವೇ ಒಳಗೆ ಉಕ್ಕಿನ ಬುಷ್ ಕೂರಿಸುವುದು ಅಗತ್ಯ. ಬೋಲ್ಟಿನ ತಲೆಯ ಮೇಲೆ 8.8 ಎಂಬ ಬಲದ ಗುರುತಿರಲಿ. ರಂಧ್ರದೊಳಗೆ ಕೂರುವ ಭಾಗದಲ್ಲಿ ಥ್ರೆಡ್ ಇರದೆ ನುಣುಪು ದಂಡವೇ ಇರಬೇಕು, ಏಕೆಂದರೆ ಥ್ರೆಡ್ಡಿನ ಪ್ರತಿಯೊಂದು ಕಚ್ಚೂ ಬಿರುಕು ಹುಟ್ಟುವ ಜಾಗ. ಎಂಜಿನ್ನಿನ ಕಿವಿಗೂ ಫ್ರೇಮಿನ ಪಟ್ಟಿಗೂ ನಡುವೆ ಸಂದಿದ್ದರೆ ಬೋಲ್ಟ್ ಬಿಗಿದು ಎಳೆದು ಕೂಡಿಸಬೇಡಿ. ತೆಳು ವಾಷರ್ ಕೊಟ್ಟು ಸಂದು ತುಂಬಿ. ಮೊದಲು ಎಲ್ಲವನ್ನೂ ಕೈಬಿಗಿಯಲ್ಲಿ ಕೂರಿಸಿ, ಆಮೇಲೆ ಸುತ್ತುಸುತ್ತಾಗಿ ಬಿಗಿಯಿರಿ. 8 ಮಿ.ಮೀ. ಬೋಲ್ಟಿಗೆ ಸುಮಾರು 25 ನ್ಯೂಟನ್ ಮೀಟರ್ ಸಾಕು.

ಎರಡನೆಯದು ಕ್ರ್ಯಾಂಕಿನ ಅಲೈನ್‌ಮೆಂಟ್. ಕೇಸಿನ ಬಾಯಿ ಹಿಗ್ಗಿಸಿದ್ದೀರಿ ಎಂದರೆ ಕ್ರ್ಯಾಂಕ್ ಒಮ್ಮೆ ಹೊರಗೆ ಬಂದು ಮತ್ತೆ ಒಳಗೆ ಹೋಗಿದೆ. ಹೋಗುವಾಗ ಸುತ್ತಿಗೆಯ ಪೆಟ್ಟು ಬಿದ್ದಿತ್ತೇ ಎಂದು ಕೆಲಸ ಮಾಡಿದವರನ್ನು ಕೇಳಿ. ಈ ಕ್ರ್ಯಾಂಕ್ ಒಂದೇ ತುಂಡಿನದಲ್ಲ. ಎರಡು ಚಕ್ರಗಳ ನಡುವೆ ಪಿನ್ ಒತ್ತಿ ಕೂಡಿಸಿದ್ದು. ಒಂದು ತಪ್ಪು ಪೆಟ್ಟಿಗೆ ಅವು ಕತ್ತರಿಯ ಅಲಗುಗಳಂತೆ ಕೂದಲೆಳೆಯಷ್ಟು ಜಾರುತ್ತವೆ. ಕ್ರ್ಯಾಂಕನ್ನು ಲೇತಿನ ಎರಡು ಸೆಂಟರುಗಳ ನಡುವೆ ಹಿಡಿದು, ಬೇರಿಂಗ್ ಕೂರುವ ಎರಡೂ ಕಡೆ ಡಯಲ್ ಗೇಜ್ ಇಟ್ಟು ನಿಧಾನ ತಿರುಗಿಸಿದರೆ ಮುಳ್ಳು ಎಷ್ಟು ಓಲಾಡುತ್ತದೆಂದು ಗೊತ್ತಾಗುತ್ತದೆ. ಇಂಥ ಎಂಜಿನ್ನುಗಳಿಗೆ 0.03 ಮಿ.ಮೀ. ಸಾಮಾನ್ಯವಾಗಿ ಒಪ್ಪುವ ಕೊನೆಯ ಮಿತಿ. ಸ್ಪರ್ಧೆಗೆ ಕಟ್ಟುವವರು 0.02ರ ಒಳಗೆ ಬರುವವರೆಗೂ ಸರಿಪಡಿಸುವುದನ್ನು ನಿಲ್ಲಿಸಬಾರದು. ಚಕ್ರಗಳು ಅಡ್ಡಕ್ಕೆ ಜಾರಿದ್ದರೆ ಮೇಲೆದ್ದಿರುವ ಅಂಚಿಗೆ ತಾಮ್ರದ ಸುತ್ತಿಗೆಯ ಒಂದೇ ಪೆಟ್ಟು, ಮತ್ತೆ ಅಳತೆ, ಮತ್ತೆ ಪೆಟ್ಟು. ಅವಸರದವರ ಕೆಲಸ ಇದಲ್ಲ. ಮರಳಿ ಜೋಡಿಸುವಾಗ ಕೇಸನ್ನು ನೀರಿನ ಹನಿ ಬಿದ್ದರೆ ಚುಂಯ್ ಎನ್ನುವಷ್ಟು ಬಿಸಿ ಮಾಡಿದರೆ ಬೇರಿಂಗ್ ತನ್ನಷ್ಟಕ್ಕೆ ಇಳಿದು ಕೂರುತ್ತದೆ, ಸುತ್ತಿಗೆಯೇ ಬೇಕಾಗುವುದಿಲ್ಲ. ನಮ್ಮ ಮೀನುಗಾರಿಕೆ ಬಂದರುಗಳಲ್ಲಿ ಔಟ್‌ಬೋರ್ಡ್ ಎಂಜಿನ್ ಬಿಚ್ಚುವ ಮೇಸ್ತ್ರಿಗಳಿಗೆ ಇದು ದಿನದ ಕೆಲಸ. ಬೈಕ್ ಗ್ಯಾರೇಜಿನಲ್ಲಿ ಡಯಲ್ ಗೇಜ್ ಸಿಗದಿದ್ದರೆ ಅವರ ಬಳಿ ವಿಚಾರಿಸಿ.

ಇವೆರಡೂ ಸರಿಯಾದ ಮೇಲೂ ನಡುಕ ಉಳಿಯುತ್ತದೆ, ಏಕೆಂದರೆ ನೀವು ಪಿಸ್ಟನ್ ಬದಲಿಸಿದ್ದೀರಿ. 100ರ ಬೋರ್ (ಸಿಲಿಂಡರಿನ ಒಳವ್ಯಾಸ) 50 ಮಿ.ಮೀ., 135ರದ್ದು 58 ಮಿ.ಮೀ.; ಎರಡರ ಸ್ಟ್ರೋಕೂ (ಪಿಸ್ಟನ್ ಓಡುವ ದೂರ) 50 ಮಿ.ಮೀ. ಹಾಗಾಗಿ ಹಳೆಯ ಕ್ರ್ಯಾಂಕಿನ ಮೇಲೆ ಹೊಸ ಪಿಸ್ಟನ್ ಓಡುತ್ತದೆ, ನಿಜ. ಆದರೆ ಆ ಕ್ರ್ಯಾಂಕಿನ ಎದುರು ತೂಕವನ್ನು, ಅಂದರೆ ಪಿಸ್ಟನ್ನಿನ ಎಳೆತ ಸರಿದೂಗಿಸಲು ಪಿನ್ನಿನ ಎದುರು ಬದಿಗಿರುವ ಭಾರವನ್ನು, ಹಗುರ ಪಿಸ್ಟನ್ನಿಗೆ ಲೆಕ್ಕ ಹಾಕಿ ಇಟ್ಟಿರುತ್ತಾರೆ.

ಒಂಟಿ ಸಿಲಿಂಡರಿನಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುವಾಗ ಹುಟ್ಟುವ ಬಲವನ್ನು ತಿರುಗುವ ತೂಕದಿಂದ ಪೂರ್ತಿ ಅಳಿಸಲು ಸಾಧ್ಯವಿಲ್ಲ. ಪಿಸ್ಟನ್ ಮೇಲೆ ಹೋದಾಗ ಎದುರು ತೂಕ ಕೆಳಗೆ ಎಳೆದು ಸರಿದೂಗಿಸುತ್ತದೆ; ಆದರೆ ಪಿಸ್ಟನ್ ದಾರಿಯ ನಡುವೆ ಇರುವಾಗ ಅದೇ ತೂಕ ಹಿಂದಕ್ಕೋ ಮುಂದಕ್ಕೋ ಎಳೆಯುತ್ತದೆ, ಆಗ ಅದನ್ನು ತಡೆಯುವವರು ಯಾರೂ ಇಲ್ಲ. ಆದ್ದರಿಂದ ತಯಾರಕರು ಪಿಸ್ಟನ್ ಕಡೆಯ ತೂಕದ ಅರ್ಧದಷ್ಟನ್ನೋ ಅದಕ್ಕಿಂತ ಸ್ವಲ್ಪ ಹೆಚ್ಚನ್ನೋ ಮಾತ್ರ ಸರಿದೂಗಿಸುತ್ತಾರೆ. ಈ ಪ್ರಮಾಣಕ್ಕೆ ಬ್ಯಾಲೆನ್ಸ್ ಫ್ಯಾಕ್ಟರ್ ಎನ್ನುತ್ತಾರೆ. ಅದನ್ನು ಹೆಚ್ಚಿಸಿದರೆ ಮೇಲೆ ಕೆಳಗಿನ ನಡುಕ ಕಡಿಮೆಯಾಗಿ ಹಿಂದೆ ಮುಂದಿನ ನಡುಕ ಹೆಚ್ಚುತ್ತದೆ, ಇಳಿಸಿದರೆ ಅದಲು ಬದಲು.

ಲೆಕ್ಕ ಸುಲಭವಾಗಲೆಂದು ಪಿಸ್ಟನ್, ರಿಂಗ್, ಪಿಸ್ಟನ್ ಪಿನ್, ಲಾಕ್, ಸೂಜಿ ಬೇರಿಂಗ್ ಮತ್ತು ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಮೇಲ್ತುದಿ ಸೇರಿ ಹಳೆಯದರ ತೂಕ 150 ಗ್ರಾಂ, ಹೊಸದರದ್ದು 180 ಗ್ರಾಂ ಎಂದು ಹಿಡಿಯೋಣ. ಕ್ರ್ಯಾಂಕಿನಲ್ಲಿ 75 ಗ್ರಾಮಿಗೆ ಎದುರು ತೂಕ ಇತ್ತೆಂದರೆ ಹಳೆಯ ಪ್ರಮಾಣ ನೂರಕ್ಕೆ 50, ಈಗ ಅದು ಸುಮಾರು 42ಕ್ಕೆ ಇಳಿದಿದೆ. ಮೇಲೆ ಕೆಳಗೆ ಹೊಡೆಯುವ ತೂಕ 75 ಗ್ರಾಮಿನಿಂದ 105 ಗ್ರಾಮಿಗೆ ಏರಿದೆ. ಮೂವತ್ತು ಗ್ರಾಂ ಎಂದರೆ ಏನು ಮಹಾ ಎನ್ನಬೇಡಿ: 9,000 ಆರ್‌ಪಿಎಂನಲ್ಲಿ 75 ಗ್ರಾಂ ಉಂಟುಮಾಡುವ ಬಲ ಸುಮಾರು 170 ಕಿಲೋ ತೂಕಕ್ಕೆ ಸಮ, 105 ಗ್ರಾಮಿನದ್ದು 238 ಕಿಲೋಗೆ ಸಮ. ನಡುವಿನ ವ್ಯತ್ಯಾಸವೇ ಒಂದಾಳಿನ ತೂಕ, ಅದು ಸೆಕೆಂಡಿಗೆ 150 ಸಲ ನಿಮ್ಮ ಫೌಂಡೇಶನ್ ಬೋಲ್ಟುಗಳನ್ನು ಮೇಲಕ್ಕೂ ಕೆಳಕ್ಕೂ ಜಗ್ಗುತ್ತಿದೆ. ಕಾಲು ಫುಟ್‌ರೆಸ್ಟ್ ಮೇಲೆ ನಿಲ್ಲದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ.

ನಿಮ್ಮದರ ನಿಜವಾದ ಅಂಕಿಗಳನ್ನು ನೀವೇ ತೆಗೆಯಬಹುದು. ಒಂದು ಗ್ರಾಂ ತೋರಿಸುವ ಅಡಿಗೆಮನೆಯ ತಕ್ಕಡಿ ಸಾಕು. ಪಿಸ್ಟನ್ ಸೆಟ್ಟನ್ನು ಹಾಗೆಯೇ ತೂಗಿ. ಕ್ರ್ಯಾಂಕನ್ನು ಕಟ್ಟೆಯ ಮೇಲಿಟ್ಟು, ರಾಡ್ ನೆಲಕ್ಕೆ ಸಮಾನಾಂತರವಾಗಿರುವಂತೆ ಅದರ ಮೇಲ್ತುದಿಯನ್ನು ಮಾತ್ರ ತಕ್ಕಡಿಯ ಮೇಲೆ ಒರಗಿಸಿದರೆ ಮೇಲ್ತುದಿಯ ಪಾಲು ಸಿಗುತ್ತದೆ. ಅದು 40 ಗ್ರಾಂ ಇದೆ ಎನ್ನೋಣ. ನಿಮಗೆ ನೂರಕ್ಕೆ 55 ಬೇಕೆಂದರೆ 180ರ 55 ಪಾಲು 99 ಗ್ರಾಂ. ಅದರಲ್ಲಿ 40 ಗ್ರಾಂ ರಾಡಿನಲ್ಲೇ ಇದೆ, ಉಳಿದ 59 ಗ್ರಾಂ ನಟ್ಟು ವಾಷರುಗಳನ್ನು ತಂತಿಯಿಂದ ಮೇಲ್ತುದಿಗೆ ಕಟ್ಟಿ. ಈಗ ಮಟ್ಟ ನೋಡಿ ಸಮನಾಗಿಟ್ಟ ಎರಡು ನೇರ ಉಕ್ಕಿನ ಪಟ್ಟಿಗಳ ಮೇಲೆ ಕ್ರ್ಯಾಂಕನ್ನು ಉರುಳಲು ಬಿಡಿ. ರಾಡ್ ಕೆಳಗೆ ತೂಗಾಡುತ್ತಿರಬೇಕು. ಯಾವ ಕೋನದಲ್ಲಿ ಬಿಟ್ಟರೂ ಕ್ರ್ಯಾಂಕ್ ಅಲ್ಲೇ ನಿಂತರೆ ಪ್ರಮಾಣ ಸರಿಯಿದೆ. ಚಕ್ರಗಳನ್ನು ಕೂಡಿಸುವ ಪಿನ್ ಕೆಳಗೆ ಬಂದು ನಿಂತರೆ ಎದುರು ತೂಕ ಸಾಲದು. ನಿಮ್ಮದು ಹೀಗೆಯೇ ನಿಲ್ಲುತ್ತದೆಂದು ನನ್ನ ಊಹೆ.

ಸಾಲದಿದ್ದರೆ ಪಿನ್ನಿನ ಅಕ್ಕಪಕ್ಕ ಕೊರೆದು ಆ ಕಡೆ ಹಗುರ ಮಾಡುವುದು ಲೇತಿನವರ ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಪಿನ್ ಬಿಗಿಯಾಗಿ ನಿಂತಿರುವುದೇ ಅದರ ಸುತ್ತಲಿನ ಉಕ್ಕಿನಿಂದ. ಅಲ್ಲಿ ತೆಳುವಾದರೆ 9,000ದಲ್ಲಿ ಚಕ್ರ ಜಾರುತ್ತದೆ. ಅದರ ಬದಲು ಎದುರು ತೂಕದ ಕಡೆಗೆ ಪ್ರತಿ ಚಕ್ರದಲ್ಲಿ 8 ಮಿ.ಮೀ. ವ್ಯಾಸದ ಒಂದು ರಂಧ್ರ ಕೊರೆಸಿ, ಉಕ್ಕಿಗಿಂತ ಬಹಳ ಭಾರವಾದ ಟಂಗ್‌ಸ್ಟನ್ ಮಿಶ್ರಲೋಹದ ಗುಟ್ಟವನ್ನು, ಅಂದರೆ ಗುಂಡನೆಯ ಗಟ್ಟಿ ತುಂಡನ್ನು, ಒತ್ತಿ ಕೂರಿಸಿ. ಚಕ್ರದ ದಪ್ಪ 15 ಮಿ.ಮೀ. ಇದ್ದು, ರಂಧ್ರ ನಡುವಿನಿಂದ 35 ಮಿ.ಮೀ. ದೂರದಲ್ಲಿದ್ದರೆ ಒಂದೊಂದು ಗುಟ್ಟವೂ ಪಿನ್ನಿನ ಜಾಗದಲ್ಲಿ ಸುಮಾರು 10 ಗ್ರಾಂ ಸೇರಿಸಿದಷ್ಟು ಕೆಲಸ ಮಾಡುತ್ತದೆ, ಎರಡೂ ಸೇರಿ ಪ್ರಮಾಣ 42ರಿಂದ 53ರ ಸಮೀಪಕ್ಕೆ ಬರುತ್ತದೆ. ಸೀಸ ತುಂಬುತ್ತೇನೆ ಎಂದವರಿಗೆ ಕೈಮುಗಿದು ಹಿಂತಿರುಗಿ. ಕಲಿಯುವ ಕಾಲದಲ್ಲಿ ನಾನೂ ಸೀಸ ತುಂಬಿಸಿದ ಒಂದು ಕ್ರ್ಯಾಂಕ್ ಓಡಿಸಿದ್ದೆ. ಎರಡನೆಯ ಭಾನುವಾರ ಗುಟ್ಟ ಸಡಿಲವಾಗಿ ಹೊರಬಂದು ಕೇಸಿನ ಗೋಡೆಯನ್ನು ಉಗುರಿನಿಂದ ಗೀರಿದಂತೆ ಸುತ್ತಲೂ ಗೀರಿಹಾಕಿತ್ತು.

ಇಷ್ಟೆಲ್ಲ ಮಾಡಿದ ಮೇಲೆ ಸಿಗುವುದೇನು ಎಂಬುದನ್ನೂ ಹೇಳಿಬಿಡುತ್ತೇನೆ. ಮೇಲೆ ಕೆಳಗಿನ ಪಾಲು 105 ಗ್ರಾಮಿನಿಂದ 85ಕ್ಕೆ ಇಳಿಯುತ್ತದೆ, ಹಿಂದೆ ಮುಂದಿನದು 75ರಿಂದ 95ಕ್ಕೆ ಏರುತ್ತದೆ. ನಡುಕ ಸಾಯಲಿಲ್ಲ, ಮುಖ ತಿರುಗಿಸಿತು. ಫುಟ್‌ರೆಸ್ಟ್ ಮತ್ತು ಬೋಲ್ಟುಗಳಿಗೆ ಬಿಡುವು ಸಿಗುತ್ತದೆ, ಹ್ಯಾಂಡಲ್ ಸ್ವಲ್ಪ ಹೆಚ್ಚು ಜುಮ್ಮೆನ್ನಬಹುದು. ಆದ್ದರಿಂದ ಕ್ರ್ಯಾಂಕಿಗೆ ತೂಕ ಸೇರಿಸುವ ಮುಂಚೆ ಪಿಸ್ಟನ್ ಕಡೆ ತೂಕ ಇಳಿಸುವ ದಾರಿಯಿದೆಯೇ ನೋಡಿ. ಬೇರೆ ಬೇರೆ ತಯಾರಿಕೆಯ ಪಿಸ್ಟನ್ ಸೆಟ್ಟುಗಳನ್ನು ಅಂಗಡಿಯಲ್ಲೇ ತೂಗಿ, ಹಗುರವಾದುದನ್ನು ಆರಿಸಿ. ಅಲ್ಲಿ ಉಳಿಸಿದ ಗ್ರಾಂ ಎಲ್ಲ ದಿಕ್ಕಿನಲ್ಲೂ ಉಳಿತಾಯ. ಆದರೆ ತೂಕ ಇಳಿಸುವ ಹುರುಪಿನಲ್ಲಿ ಸೈಲೆನ್ಸರ್ ಕಡೆಯ ಸ್ಕರ್ಟ್, ಅಂದರೆ ಪಿಸ್ಟನ್ನಿನ ಕೆಳಗಿನ ಗೋಡೆ, ಕತ್ತರಿಸಬೇಡಿ. ಪಿಸ್ಟನ್ ಮೇಲಿದ್ದಾಗ ಎಕ್ಸಾಸ್ಟ್ ಬಾಯಿಯನ್ನು ಮುಚ್ಚಿರುವುದು ಅದೇ ಸ್ಕರ್ಟ್; ಅದು ಗಿಡ್ಡವಾದರೆ ಕ್ರ್ಯಾಂಕ್‌ಕೇಸಿಗೂ ಸೈಲೆನ್ಸರಿಗೂ ನೇರ ದಾರಿಯಾಗುತ್ತದೆ. ಇನ್ನೊಂದು ಮಾರ್ಗಕ್ಕೆ ಖರ್ಚೇ ಇಲ್ಲ. ಬಲವು ವೇಗದ ವರ್ಗದಂತೆ ಏರುವುದರಿಂದ 9,000ಕ್ಕೆ ಬದಲು 8,500ರಲ್ಲಿ ಗೇರ್ ಬದಲಿಸಿದರೆ ನಡುಕದ ಬಲ ನೂರಕ್ಕೆ 11ರಷ್ಟು ಇಳಿಯುತ್ತದೆ. ದೊಡ್ಡ ಬ್ಲಾಕಿನ ಎಳೆತ ಕೆಳಗಿನ ಆರ್‌ಪಿಎಂನಲ್ಲೇ ಚೆನ್ನಾಗಿರುವಾಗ, ಹಿಂದಿನ ಸ್ಪ್ರಾಕೆಟ್ಟಿನ ಎರಡು ಹಲ್ಲು ಕಡಿಮೆ ಮಾಡಿ ಆ 500 ಆರ್‌ಪಿಎಂ ಬಿಟ್ಟುಕೊಡುವುದರಲ್ಲಿ ನಷ್ಟವಿಲ್ಲ.

ಗಾಡಿಯನ್ನು ರಸ್ತೆಗೆ ಇಳಿಸುವುದಿಲ್ಲ ಎಂದು ಬರೆದಿದ್ದೀರಿ, ಒಳ್ಳೆಯದು. ನೋಂದಣಿ ಪತ್ರದಲ್ಲಿರುವ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ.

ಪ್ರಶ್ನೆ: ನನ್ನ ಟೂ ಸ್ಟ್ರೋಕ್ ಬೈಕು 5,500ರವರೆಗೆ ಸರಿಯಾಗಿರುತ್ತದೆ, ಸುಮಾರು 6,000ದಲ್ಲಿ ಹ್ಯಾಂಡಲ್ ಹಿಡಿಯಲಾರದಷ್ಟು ಜುಮ್ಮೆನ್ನುತ್ತದೆ, 6,800ರ ಮೇಲೆ ಮತ್ತೆ ಶಾಂತ. ತೂಕ ಉಳಿಸಲೆಂದು ಹೆಡ್ಡಿನಿಂದ ಫ್ರೇಮಿಗಿದ್ದ ಚಿಕ್ಕ ಪಟ್ಟಿಯನ್ನು ತೆಗೆದಿದ್ದೇನೆ. ತೋಟದಲ್ಲಿ ಬಳಸುವ ಕಳೆ ಕೊಚ್ಚುವ ಯಂತ್ರದಲ್ಲಿ ಎಂಜಿನ್ನಿಗೂ ಹಿಡಿಕೆಗೂ ನಡುವೆ ರಬ್ಬರ್ ಇರುತ್ತದಲ್ಲ, ಹಾಗೆ ಎಂಜಿನ್ನಿನ ಬೋಲ್ಟುಗಳಿಗೂ ರಬ್ಬರ್ ಬುಷ್ ಹಾಕಬಹುದೇ? — ಓದುಗರೊಬ್ಬರು, ಶಿರಸಿ ತಾಲ್ಲೂಕು

ಉತ್ತರ: ಎಂಜಿನ್ ಬಿಚ್ಚಬೇಡಿ, ತೆಗೆದ ಪಟ್ಟಿಯನ್ನು ಮರಳಿ ಹಾಕಿ. ಕ್ರ್ಯಾಂಕಿನ ದೋಷವಾಗಿದ್ದರೆ ವೇಗ ಏರಿದಂತೆ ನಡುಕವೂ ಏರುತ್ತಲೇ ಹೋಗುತ್ತಿತ್ತು. ಒಂದು ಜಾಗದಲ್ಲಿ ಬಂದು ಮುಂದೆ ಮಾಯವಾಗುವುದು ಅನುರಣನೆಯ ಲಕ್ಷಣ. ಜೋಕಾಲಿಯನ್ನು ಅದರ ಲಯಕ್ಕೆ ಸರಿಯಾಗಿ ತಳ್ಳಿದರೆ ಬೆರಳ ತುದಿಯ ಬಲಕ್ಕೇ ಮರದ ಕೊಂಬೆ ಮುಟ್ಟುತ್ತದೆ. ಲಯ ತಪ್ಪಿಸಿ ತಳ್ಳಿದರೆ ಎಷ್ಟು ಬಲ ಹಾಕಿದರೂ ಏರುವುದಿಲ್ಲ. 6,000 ಆರ್‌ಪಿಎಂ ಎಂದರೆ ಸೆಕೆಂಡಿಗೆ 100 ಸಲ. ಪಟ್ಟಿ ತೆಗೆದ ಮೇಲೆ ಫ್ರೇಮ್ ಮತ್ತು ಹ್ಯಾಂಡಲಿನ ಸ್ವಂತ ಲಯ ಅಲ್ಲಿಗೇ ಬಂದು ಕೂತಿದೆ.

ಪಟ್ಟಿ ಹಾಕಿದ ಮೇಲೂ ಸ್ವಲ್ಪ ಉಳಿದರೆ ಹ್ಯಾಂಡಲಿನ ಎರಡೂ ತುದಿಗೆ 150 ರಿಂದ 200 ಗ್ರಾಂ ಉಕ್ಕಿನ ತುಂಡು ಬಿಗಿಯಿರಿ. ತುದಿಗೆ ತೂಕ ಬಿದ್ದರೆ ಹ್ಯಾಂಡಲಿನ ಲಯ ಕೆಳಗಿಳಿಯುತ್ತದೆ, ನೀವು ರೇಸಿನಲ್ಲಿ ಬಳಸುವ ವ್ಯಾಪ್ತಿಯಿಂದ ಆ ಜುಮ್ಮು ಹೊರಗೆ ಹೋಗುತ್ತದೆ. ಪಟ್ಟಿ ತೆಗೆದು ಉಳಿಸಿದ್ದಕ್ಕಿಂತ ಹೆಚ್ಚಿನ ತೂಕ ಇಲ್ಲಿ ಸೇರಿತು ಎಂದು ಬೇಸರವಾದೀತು, ಆದರೆ ಬೆರಳು ಜೋಮು ಹಿಡಿದ ಸವಾರ ತಿರುವಿನಲ್ಲಿ ಬ್ರೇಕ್ ಹಿಡಿಯುವುದೇ ತಡವಾಗುತ್ತದೆ.

ರಬ್ಬರ್ ವಿಷಯ ಬೇರೆ. ಕಳೆ ಯಂತ್ರದ ಎಂಜಿನ್ನನ್ನು ಹಿಡಿಕೆಯ ಕಡೆಗೆ ಎಳೆಯುವುದು ಯಾವುದೂ ಇಲ್ಲ. ಬೈಕಿನಲ್ಲಿ ಚೇನ್ ಇದೆ. ಥ್ರಾಟಲ್ ಕೊಟ್ಟಾಗಲೆಲ್ಲ ಅದು ಎಂಜಿನ್ನನ್ನು ಒಂದೇ ಪಕ್ಕದಿಂದ ಹಿಂದಕ್ಕೆ ಜಗ್ಗುತ್ತದೆ. ರಬ್ಬರ್ ಮೇಲೆ ಕೂತ ಎಂಜಿನ್ ಓರೆಯಾಗಿ ಚೇನ್ ಸಾಲು ತಪ್ಪುತ್ತದೆ. 1967ರಲ್ಲಿ ಬಂದ ನಾರ್ಟನ್ ಕಮಾಂಡೊ ಬೈಕಿನಲ್ಲಿ ಎಂಜಿನ್ನನ್ನು ರಬ್ಬರಿನ ಮೇಲೆ ಕೂರಿಸಿದ್ದರು ನಿಜ, ಆದರೆ ಎಂಜಿನ್, ಗೇರ್‌ಬಾಕ್ಸ್ ಮತ್ತು ಹಿಂಚಕ್ರದ ಸ್ವಿಂಗ್ ಆರ್ಮ್ ಮೂರನ್ನೂ ಒಂದೇ ತುಂಡಾಗಿ ಕಟ್ಟಿ ಕೂರಿಸಿದ್ದರಿಂದ ಚೇನಿನ ಜಗ್ಗಾಟ ಆ ತುಂಡಿನೊಳಗೇ ಮುಗಿಯುತ್ತಿತ್ತು. ನಿಮ್ಮ ಫ್ರೇಮಿನಲ್ಲಿ ಅದು ಆಗದ ಕೆಲಸ.

ಪ್ರಶ್ನೆ: ಉದ್ದನೆಯ ನೇರ ದಾರಿಯಲ್ಲಿ ಪೂರ್ತಿ ಥ್ರಾಟಲಿನಲ್ಲಿ ಓಡಿಸಿದಾಗ ಮಾತ್ರ ನನ್ನ ಎಂಜಿನ್ ಸೀಜ್ ಆಗುತ್ತದೆ, ಪಿಸ್ಟನ್ ಸಿಲಿಂಡರಿಗೆ ಕಚ್ಚಿ ನಿಲ್ಲುತ್ತದೆ. ಎರಡು ಪಿಸ್ಟನ್ ಹೋಯಿತು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಮೇನ್ ಜೆಟ್ ದೊಡ್ಡದು ಹಾಕಿದರೆ ಕೆಳಗಿನ ವೇಗದಲ್ಲಿ ಹೊಗೆ, ಮೇಲೆ ಮಾತ್ರ ಅದೇ ಬಿಳಿ ಪ್ಲಗ್, ಅಂದರೆ ಪೆಟ್ರೋಲ್ ಸಾಲದ ಗುರುತು. ಎಂಜಿನ್ ಸ್ವಲ್ಪ ನಡುಗುತ್ತದೆ, ಅದಕ್ಕೂ ಇದಕ್ಕೂ ಸಂಬಂಧವಿದೆಯೇ? — ಓದುಗರೊಬ್ಬರು, ಕುಮಟಾ

ಉತ್ತರ: ಬಹಳ ಹತ್ತಿರದ ಸಂಬಂಧವಿದೆ, ಜೆಟ್ ಬದಲಿಸುತ್ತ ಕೂರುವವರ ಕಣ್ಣಿಗೆ ಇದು ಬೀಳುವುದಿಲ್ಲ. ಕಾರ್ಬ್ಯುರೇಟರಿನ ಫ್ಲೋಟ್ ಬಟ್ಟಲಿನಲ್ಲಿರುವ ಪೆಟ್ರೋಲ್ ಜೋರಾಗಿ ನಡುಗಿದರೆ, ಕಡೆದ ಮಜ್ಜಿಗೆಯಂತೆ ನೊರೆ ಕಟ್ಟುತ್ತದೆ. ಜೆಟ್ಟಿನ ಮೂಲಕ ಆಗ ಪೆಟ್ರೋಲಿನ ಜೊತೆ ಗುಳ್ಳೆಯೂ ಹೋಗಿ ಮಿಶ್ರಣ ತೆಳುವಾಗುತ್ತದೆ. ಟ್ಯಾಂಕಿನಲ್ಲೇ ಆಯಿಲ್ ಬೆರೆಸಿ ಓಡಿಸುವವರಿಗೆ ಪೆಟ್ರೋಲ್ ಕಡಿಮೆಯಾದಾಗ ಆಯಿಲೂ ಕಡಿಮೆಯಾಗುವುದರಿಂದ ಹೊಡೆತ ಎರಡು ಪಟ್ಟು.

ಕಾರ್ಬ್ಯುರೇಟರ್ ಎಂಜಿನ್ನಿಗೆ ಲೋಹದ ಮ್ಯಾನಿಫೋಲ್ಡಿನಿಂದ ಬಿಗಿದಿದ್ದರೆ ಅದನ್ನು ತೆಗೆದು, ರಬ್ಬರ್ ಮ್ಯಾನಿಫೋಲ್ಡ್ ಹಾಕಿ. ರಬ್ಬರ್ ಈಗಾಗಲೇ ಇದ್ದರೆ ಅದು ಹಳೆಯದಾಗಿ ಕಲ್ಲಿನಂತಾಗಿದೆಯೇ ಎಂದು ಉಗುರೂರಿ ನೋಡಿ. ಬಿರುಕಿದ್ದರೆ ಅದರಿಂದ ಒಳನುಗ್ಗುವ ಗಾಳಿಯೇ ಪಿಸ್ಟನ್ ಸುಡಲು ಸಾಕು. ಕಾರ್ಬ್ಯುರೇಟರಿನ ಬಟ್ಟಲು ಫ್ರೇಮಿಗಾಗಲೀ ಕೇಸಿಗಾಗಲೀ ತಾಗಬಾರದು. ನಡುವೆ ಒಂದು ಬೆರಳು ಆಡಬೇಕು. ನೊರೆ ನಿಂತ ಮೇಲೆ ಜೆಟ್ಟನ್ನು ಮೊದಲಿನ ಅಳತೆಗೇ ತಂದು, ನೇರ ದಾರಿಯ ಕೊನೆಯಲ್ಲಿ ಪೂರ್ತಿ ಥ್ರಾಟಲಿನಿಂದಲೇ ಕ್ಲಚ್ ಹಿಡಿದು ಎಂಜಿನ್ ಆರಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿರುಗಿ ಮನೆಗೆ ಓಡಿಸಿ ಬಂದು ನೋಡಿದ ಪ್ಲಗ್ ನಿಧಾನ ಓಟದ ಬಣ್ಣವನ್ನಷ್ಟೇ ತೋರಿಸುತ್ತದೆ.

ಪ್ರಶ್ನೆ: ಹೊಸ ಎಂಜಿನ್ನುಗಳಲ್ಲಿ ಬ್ಯಾಲೆನ್ಸರ್ ಶಾಫ್ಟ್ ಇರುತ್ತದಂತೆ. ನಮ್ಮ ಹಳೆಯ 100 ಸಿಸಿ ಎಂಜಿನ್ನಿಗೆ ಅದನ್ನು ಕೂರಿಸಬಹುದೇ? ಎರಡು ಸಿಲಿಂಡರಿನ ಯಮಹಾ ಆರ್‌ಡಿ 350 ಬೈಕಿಗೆ ಅದು ಏಕೆ ಬೇಕಾಗಲಿಲ್ಲ? — ಮೆಕ್ಯಾನಿಕ್ ಒಬ್ಬರು, ಅಂಕೋಲಾ

ಉತ್ತರ: ಬ್ಯಾಲೆನ್ಸ್ ಫ್ಯಾಕ್ಟರ್ ಸರಿಯಾಗಿ 50 ಇದ್ದಾಗ ಉಳಿಯುವ ಬಲ ಒಂದೇ ಅಳತೆಯದಾಗಿ, ಕ್ರ್ಯಾಂಕ್ ತಿರುಗುವ ದಿಕ್ಕಿಗೆ ವಿರುದ್ಧವಾಗಿ ಸುತ್ತುತ್ತಿರುತ್ತದೆ. ಆದ್ದರಿಂದ ಕ್ರ್ಯಾಂಕಿನದೇ ವೇಗದಲ್ಲಿ ಉಲ್ಟಾ ತಿರುಗುವ, ಒಂದು ಪಕ್ಕಕ್ಕೆ ತೂಕವಿರುವ ಒಂದೇ ಒಂದು ಶಾಫ್ಟ್ ಅದನ್ನು ಅಳಿಸಬಲ್ಲದು. ಹಳೆಯ ಟೂ ಸ್ಟ್ರೋಕ್ ಏಪ್ರಿಲಿಯಾ ಆರ್‌ಎಸ್ 125 ಬೈಕಿನ ಎಂಜಿನ್ನಿನಲ್ಲೂ ರೋಟ್ಯಾಕ್ಸ್ ಕಂಪನಿಯ 125 ಸಿಸಿ ಕಾರ್ಟ್ (ಪುಟ್ಟ ರೇಸ್ ಗಾಡಿ) ಎಂಜಿನ್ನಿನಲ್ಲೂ ಇರುವುದು ಅದೇ. ಆಗಲೂ ಕ್ರ್ಯಾಂಕಿನ ಎರಡರಷ್ಟು ವೇಗದಲ್ಲಿ ಬರುವ ಸಣ್ಣ ನಡುಕ ಉಳಿಯುತ್ತದೆ. ರಾಡ್ ಕ್ರ್ಯಾಂಕಿನ ತ್ರಿಜ್ಯದ ನಾಲ್ಕರಷ್ಟು ಉದ್ದವಿದ್ದರೆ ಅದು ಮೂಲ ಬಲದ ಕಾಲು ಭಾಗ.

ಆರ್‌ಡಿ 350ರಲ್ಲಿ ಒಂದು ಪಿಸ್ಟನ್ ಮೇಲಿದ್ದಾಗ ಇನ್ನೊಂದು ಕೆಳಗಿರುತ್ತದೆ, ಒಂದರ ಎಳೆತವನ್ನು ಇನ್ನೊಂದು ಕಳೆಯುತ್ತದೆ. ಎರಡೂ ಅಕ್ಕಪಕ್ಕದಲ್ಲಿರುವುದರಿಂದ ಎಂಜಿನ್ ದೋಣಿಯಂತೆ ಎಡಕ್ಕೆ ಬಲಕ್ಕೆ ಓಲುವುದೂ ಎರಡರಷ್ಟು ವೇಗದ ಆ ಸಣ್ಣ ನಡುಕವೂ ಮಾತ್ರ ಉಳಿಯುತ್ತವೆ.

ನಿಮ್ಮ 100 ಸಿಸಿ ಕೇಸಿನಲ್ಲಿ ಇಂಥ ಶಾಫ್ಟಿಗೆ ಜಾಗವೇ ಇಲ್ಲ. ಹೊರಗಿನಿಂದ ಬೆಲ್ಟ್ ಹಾಕಿ ತಿರುಗಿಸಿದರೆ ಬೆಲ್ಟ್ ಒಂದು ಹಲ್ಲು ಜಾರಿದ ದಿನ ಅದು ನಡುಕವನ್ನು ಕಳೆಯುವ ಬದಲು ಕೂಡುತ್ತದೆ. ಕಾರವಾರದ ಓದುಗರಿಗೆ ಹೇಳಿದ ಉಕ್ಕಿನ ಪಟ್ಟಿ ಮತ್ತು ನಟ್ಟು ವಾಷರುಗಳ ಪರೀಕ್ಷೆಯನ್ನೇ ನಿಮ್ಮ ಗ್ಯಾರೇಜಿನಲ್ಲಿ ಕಾಯಂ ಮಾಡಿಕೊಳ್ಳಿ. ಪಟ್ಟಿಗಳನ್ನು ಮಾತ್ರ ಪ್ರತಿ ಸಲ ಎಣ್ಣೆ ಹಚ್ಚಿ ಸುತ್ತಿಡಿ, ಏಕೆಂದರೆ ಸಮುದ್ರದ ಪಕ್ಕದ ಊರಿನಲ್ಲಿ ತುಕ್ಕಿನ ಒಂದು ಚುಕ್ಕೆ ಸಾಕು, ಕ್ರ್ಯಾಂಕ್ ಅಲ್ಲೇ ತಡೆದು ನಿಂತು ತೂಕ ಸರಿಯಾಗಿದೆ ಎಂದು ಸುಳ್ಳು ಹೇಳುತ್ತದೆ.